ಕ್ರಷರ್ ಸುಮ್ಮನಿದ್ದ ದಿನಗಳು

ಲಾರಿ ಕಲ್ಲು ಸುರಿದಾಗ ಒಂದು ಗುಡುಗು, ಆಮೇಲೆ ಗರಗರ, ಗರಗರ. ಆ ಜಲ್ಲಿ ಕ್ರಷರ್‌ನ ಸದ್ದು ಇಂದಿಗೂ ನನ್ನ ಕಿವಿ ಬಿಟ್ಟಿಲ್ಲ. ಕೋವಿಡ್ ಮುಗಿದ ಮರುವರ್ಷ. ಆಪ್ಟಿಕ್ಸ್ ಲ್ಯಾಬೊಂದರಲ್ಲಿ ನಾನು ಸೀನಿಯರ್ ಸೈಂಟಿಸ್ಟ್. ಸೂಲಿಬೆಲೆ ಕಡೆಯ ಹಳ್ಳಿಯೊಂದರಲ್ಲಿ ನನ್ನ ಕೊನೆಯ ಪ್ರಾಜೆಕ್ಟ್.

ಸಾಮಾನ್ಯ ಲೇಸರ್ ಗೋಡೆಯ ಮೇಲೆ ಚುಕ್ಕಿಯಾಗಿ ಬೀಳುತ್ತದೆ. ನಮ್ಮದು ಕೋಡುಬಳೆಯಂಥ ಉಂಗುರ. ಹೀಗೆ ಆಕಾರ ಕೊಟ್ಟ ಬೆಳಕೇ ಸ್ಟ್ರಕ್ಚರ್ಡ್ ಲೈಟ್. ಊರಿನ ವಾಟರ್ ಟ್ಯಾಂಕ್ ಮೇಲಿಂದ ಹೊರಟ ಉಂಗುರ, ಮುನಿರತ್ನಮ್ಮ ಎಂಬ ರೈತ ಮಹಿಳೆಯ ಮನೆ ತಾರಸಿಯ ಕ್ಯಾಮೆರಾ ಸೇರುವಷ್ಟರಲ್ಲಿ ಬಿಸಿಗಾಳಿ ಅದನ್ನು ಸೊಟ್ಟ ಮಾಡುತ್ತಿತ್ತು, ಮಂಜು ಮಸುಕು ಮಾಡುತ್ತಿತ್ತು. ಆ ಚಿತ್ರ ನೋಡಿ ಗಾಳಿಯ ಸ್ಥಿತಿ ಹೇಳಲು ಕಂಪ್ಯೂಟರ್‌ಗೆ ಕಲಿಸಿದ್ದೆವು. ಅದು ಮೆಷಿನ್ ಲರ್ನಿಂಗ್.

ಮುನಿರತ್ನಮ್ಮ ರೇಷ್ಮೆಹುಳ ಸಾಕುತ್ತಿದ್ದರು. ಕ್ರಷರ್ ಧೂಳು ಕೂತ ಹಿಪ್ಪುನೇರಳೆ ಸೊಪ್ಪನ್ನು ಹುಳಗಳು ಮುಟ್ಟದೆ ಸಾಯುತ್ತಿದ್ದವು. ಕ್ರಷರ್ ಲೈಸೆನ್ಸ್ ರಿನ್ಯೂ ಮಾಡುವ ವಿಚಾರಣೆ ಹತ್ತಿರದಲ್ಲಿತ್ತು.

“ನಿಮ್ ಲೈಟು ನಮ್ ತೋಟದ್ ಮೇಲೇ ಹೋಗ್ತದಲ್ಲ ಮೇಡಮ್ಮೋರೆ, ಧೂಳೈತೆ ಅಂತ ಒಂದ್ ರಿಪೋರ್ಟ್ ಕೊಟ್ಬಿಡಿ,” ಎಂದರು.

ಹಿಂದಿನ ದಿನದ ಚಿತ್ರಗಳನ್ನು ತೆರೆದು ತೋರಿಸಿದೆ. ಸುಡು ಮಧ್ಯಾಹ್ನಕ್ಕೂ ಕಂಪ್ಯೂಟರ್‌ನ ಉತ್ತರ: ಮಂಜು.

“ಈ ಬಿಸ್ಲಲ್ಲಿ ಮಂಜಾ! ಇದೇನ್ ಊಟಿನಾ?” ಎಂದು ಬಿದ್ದು ಬಿದ್ದು ನಕ್ಕರು. ನನ್ನ ಕಾನ್ವೆಂಟ್ ಕನ್ನಡಕ್ಕೂ ಹಾಗೇ ನಗುತ್ತಿದ್ದರು.

ತಿಳಿ, ಬಿಸಿ, ಮಂಜು. ಕಂಪ್ಯೂಟರ್ ಕಲಿತಿದ್ದು ಇಷ್ಟೇ; ಧೂಳಿನ ಮಸುಕೂ ಅದಕ್ಕೆ ಮಂಜೇ. ಧೂಳು ಕಲಿಸಬೇಕಾದರೆ ಉಂಗುರದ ಚಿತ್ರ ತೆಗೆದ ಹೊತ್ತಿನಲ್ಲೇ ಡಸ್ಟ್ ಮೀಟರ್ ಧೂಳನ್ನು ಅಳೆದಿರಬೇಕು. ಬೇರೊಂದು ಕಚೇರಿಯಿಂದ ಮೀಟರ್ ಎರವಲು ತಂದೆವು. ಅದನ್ನು ಹೊತ್ತ ನಮ್ಮ ವ್ಯಾನ್ ಊರ ಗೇಟ್ ದಾಟುತ್ತಿದ್ದಂತೆ ಕ್ರಷರ್ ಸುಮ್ಮನಾಯಿತು. ಮೀಟರ್ ಇದ್ದಷ್ಟು ದಿನವೂ ಸದ್ದಿಲ್ಲ. ವಾಪಸ್ ಹೋದ ಸಂಜೆಯೇ ಗರಗರ. ಮತ್ತೆ ತಂದೆವು. ಮತ್ತೆ ಅದೇ.

“ಅಳೀದಿದ್ರೂ ಚಿಂತೆಯಿಲ್ಲ, ಅದನ್ನ ಇಲ್ಲೇ ಬೆದರುಬೊಂಬೆ ಥರ ನಿಲ್ಸಿಬಿಡಿ ಮೇಡಮ್ಮೋರೆ. ಅದಿದ್ರೆ ನನ್ ಹುಳ ತಿಂತವೆ.”

ಎರವಲು ಮೀಟರ್ ಹೋಗಲೇಬೇಕಿತ್ತು, ಹೋಯಿತು. ವಿಚಾರಣೆಯ ದಿನ ಅದು ಅಳೆದ ಶುದ್ಧ ಗಾಳಿಯ ಅಂಕಿಗಳನ್ನೇ ಆ ಕಚೇರಿಯಿಂದ ಪಡೆದು ಕ್ರಷರ್‌ನವರು ಮುಂದಿಟ್ಟರು. ನನ್ನ ಕೈಯಲ್ಲಿ ಕಂಪ್ಯೂಟರ್ ಮಂಜು ಎಂದ ಚಿತ್ರಗಳಷ್ಟೇ ಇದ್ದವು. ಲೈಸೆನ್ಸ್ ರಿನ್ಯೂ ಆಯಿತು.

ಕಂಪ್ಯೂಟರ್ ತನಗೆ ತೋರಿಸಿದ್ದನ್ನಷ್ಟೇ ಕಲಿಯುತ್ತದೆ. ಏನನ್ನು ತೋರಿಸಬಾರದು ಎಂದು ತೀರ್ಮಾನಿಸುವವರು ಲ್ಯಾಬಿನ ಹೊರಗಿರುತ್ತಾರೆ. ನಲವತ್ತು ವರ್ಷದ ಸರ್ವೀಸ್ ಕೊನೆಗೆ ಕಲಿಸಿದ್ದು ಇದನ್ನೇ.

ಕ್ಯಾಮೆರಾ ಬಿಚ್ಚಿ ತರಲು ಹೋದ ದಿನವೇ ಮುನಿರತ್ನಮ್ಮನವರನ್ನು ನಾನು ಕೊನೆಯ ಸಲ ಕಂಡಿದ್ದು. ಹಿಪ್ಪುನೇರಳೆ ಗಿಡಗಳನ್ನು ಬೇರುಸಹಿತ ಕೀಳಿಸುತ್ತಿದ್ದರು. ನಮ್ಮ ವ್ಯಾನ್ ಬಂದದ್ದನ್ನು ಕಂಡರು. ಕ್ರಷರ್ ಕಡೆ ತಿರುಗಿ ಕಿವಿಗೊಟ್ಟು ನಿಂತರು.

ಈ ಸಲ ಅದು ನಿಲ್ಲಲಿಲ್ಲ.