ಕವಲೊಡೆದ ಮುಳ್ಳುಗಿಡ

"ಮೇಲ್ ನೋಡು ನೆಸ್ಟಾ, ತುದೀಲಿರೋ ಹಳದಿ ಕುಚ್ಚು ಹೂವಿನ ಹತ್ರ. ಜೇನಲ್ಲ ಅದು, ಹೂನೊಣ. ಮೈತುಂಬ ಕಂದು ತುಪ್ಪಳ, ಎರಡೇ ರೆಕ್ಕೆ. ಗಾಳೀಲಿ ಮೊಳೆ ಹೊಡೆದ ಹಾಗೆ ನಿಂತುಬಿಡುತ್ತೆ. ಮಾರ್ಚಲ್ಲಿ ನಾಕು ದಿನ ಬಿಸಿಲು ಬಿದ್ರೆ ಬರುತ್ತೆ, ಮೇ ಹೊತ್ತಿಗೆ ಮುಗೀತು. ಅಷ್ಟೆತ್ತರಕ್ಕೆ ನನ್ನ ಬಲೆ ಎಟಕಲ್ಲ. ಹಿಡಿದು ತೋರ್ಸು ಅಂತಾರೆ. ಹಿಡೀಲಿಲ್ಲ ಅಂತ ನಾನು ಕಂಡಿದ್ದು ಸುಳ್ಳಾಗುತ್ತಾ?"

ಪಕ್ಕದ ಮನೆಯ ಇದ್ವಾಲ್ ನನಗೆ ಹೀಗೆನ್ನುವಾಗ ಜವುಗಿನ ವಿಲ್ಲೋ ಮರದಡಿ ಗೋಣಿ ಹಾಸಿ ಅಂಗಾತ ಮಲಗಿದ್ದ, ಕಣ್ಣಿಗೆ ದುರ್ಬೀನು. ರಸ್ತೆಬದಿಯ ಗಿಡಗಂಟಿ ಸವರುವುದು ಅವನ ಕೆಲಸ. ಮಾರ್ಚಿನ ಊಟದ ಬಿಡುವೆಲ್ಲ ಈ ನೊಣಕ್ಕೆ ಮೀಸಲು.

ಕುರಿ ಸಾಕುವ ಎಮ್ರಿಸ್ ಬೇಲಿಯಾಚೆಯಿಂದ ಕೂಗುತ್ತಿದ್ದ: "ಏನಯ್ಯಾ, ಉಸಿರಿದೆಯಾ, ಇಲ್ಲಾ ಪಾದ್ರಿ ಕರೀಲಾ?"

"ಪಾದ್ರಿ ಬೇಡ ಮಾರಾಯ, ಆ ಮೋಡ ಓಡ್ಸು ಸಾಕು!"

ವೇಲ್ಸಿನ ನಮ್ಮ ಜಿಲ್ಲೆಯಲ್ಲಿ ಯಾವ ನೊಣ ಎಲ್ಲಿ ಕಂಡಿತೆಂದು ಭೂಪಟದ ಮೇಲೆ ಚುಕ್ಕೆ ಇಡುವವಳು ಬೆರಿಲ್ ಬೈನನ್. ಇದ್ವಾಲ್ ಹನ್ನೊಂದು ವರ್ಷ ಅವಳಿಗೆ ಚೀಟಿ ಬರೆದ. ಹಿಡಿದ ನೊಣವಿಲ್ಲವೆಂದು ಹನ್ನೊಂದು ವರ್ಷವೂ ನಮ್ಮ ಕಣಿವೆಯ ಮೇಲೆ ಪ್ರಶ್ನೆಚಿಹ್ನೆಯೇ ಉಳಿಯಿತು. ಅವನು ಮರುವರ್ಷ ಮತ್ತೆ ಗೋಣಿ ಹಾಸುತ್ತಿದ್ದ.

ಹನ್ನೊಂದನೆಯ ವರ್ಷದ ಜುಲೈನಲ್ಲಿ ಮುಳ್ಳುಗಿಡ ಕೊಯ್ಯುತ್ತಿದ್ದವನ ಕೈ ನಿಂತಿತು. ಜವುಗಿನ ಮುಳ್ಳುಗಿಡ ಒಂಟಿ ಕಾಂಡವಾಗಿ ನೆಟ್ಟಗೆ ಏಳುತ್ತದೆ. ಕೆಲವು ಮಾತ್ರ ಗಿಡ್ಡಗೆ, ಬುಡದಿಂದಲೇ ಕವಲೊಡೆದು ಪೊದೆಯಾಗಿದ್ದವು. ಅಂಥದೊಂದನ್ನು ಸೀಳಿದ. ಒಳಗೊಂದು ಬೆಳ್ಳನೆಯ ಹುಳು. ಆ ಹೂನೊಣ ಮೊಟ್ಟೆಯಿಡುವುದು ಮುಳ್ಳುಗಿಡದ ಮೇಲೆ, ಮರಿಹುಳು ಕಾಂಡದೊಳಗೆ ಕೊರೆದು ತಿಂದರೆ ಗಿಡ ಹೀಗೆ ಕವಲೊಡೆಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅಂದೇ ಬೆರಿಲ್‌ಗೆ ಫೋನು ಮಾಡಿದ: "ನೊಣ ಕೈಗೆ ಸಿಗ್ಲಿಲ್ಲ ಅಮ್ಮಾವ್ರೇ, ಅದರ ಮಗೂನ ತೋರಿಸ್ತೀನಿ, ಬನ್ನಿ."

ಬಂದಳು. ಅವನನ್ನು ಪರೀಕ್ಷಿಸಲೆಂದೇ ನೆಟ್ಟಗಿನ ಗಿಡವೊಂದನ್ನು ತೋರಿಸಿದಳು.

"ಅದ್ರಲ್ಲಿ ಇರಲ್ಲ."

ಸೀಳಿದರೆ ಖಾಲಿ.

"ಹಾಗಾದ್ರೆ ನೀವೇ ಆರಿಸಿ."

ಮೂರು ಪೊದೆಗಿಡ ಆರಿಸಿದ, ಮೂರರಲ್ಲೂ ಹುಳು. ಬೆರಿಲ್ ಮಂಡಿಯೂರಿ, ಯಾವ ನೊಣದ ಮರಿಯೆಂದು ಗುರುತು ಹೇಳುವ, ಹುಳುವಿನ ಬಾಲದ ಪುಟ್ಟ ಉಸಿರುಕೊಳವೆಯನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದಳು.

"ಅದೇ. ಹನ್ನೊಂದು ವರ್ಷ ನಾನು ನಿಮ್ಮನ್ನ ನಂಬಲಿಲ್ಲವಲ್ಲ, ಇದ್ವಾಲ್."

"ನೊಣಕ್ಕೇನೂ ಬೇಜಾರಿಲ್ಲ ಬಿಡಿ."

ನನ್ನ ಅಡಿಗೆಮನೆಯ ಮೇಜಿನ ಮೇಲೆ ಭೂಪಟ ಹರಡಿ ಅವಳು ಪ್ರಶ್ನೆಚಿಹ್ನೆ ಅಳಿಸಿದಳು, ಕಪ್ಪು ಚುಕ್ಕೆ ಇಟ್ಟಳು. ಎಮ್ರಿಸ್ ಕೂಡ ಟೋಪಿ ತೆಗೆದು ಬಗ್ಗಿ ನೋಡಿದ. "ನಮ್ಮ ಕಣಿವೇದು ಕಣ್ರೋ," ಎಂದ, ತಾನೇ ಕಂಡುಹಿಡಿದವನಂತೆ.

ಇದ್ವಾಲ್ ಹೊಸಿಲ ಮೇಲೆ ಕೂತು ಬೂಟಿನ ಕೆಸರು ಕೆರೆಯತೊಡಗಿದ, ದಿನಾ ಸಂಜೆಯಂತೆ, ಮೊದಲು ಎಡಗಾಲಿನದು.