ಅಮೆರಿಕದ ಬಡಗಿಯನ್ನು ಹುಡುಕುತ್ತ

ನಂಜನಗೂಡಿನಲ್ಲಿ ರೈಲಿಳಿದು ಎತ್ತಿನ ಗಾಡಿಯಲ್ಲಿ ಹದಿನಾರು ಎಂಬ ಊರಿಗೆ ಬಂದೆವು. ಜೊತೆಗಿದ್ದ ಅಮೆರಿಕದ ಹೆಂಗಸಿಗೆ ಐವತ್ತು ದಾಟಿತ್ತು. ನಾನು ಅವರ ದುಭಾಷಿ. ಹೆಂಡತಿ ಮಗನನ್ನು ಬಿಟ್ಟು ಮರಗೆಲಸಕ್ಕೆಂದು ಈ ಸೀಮೆಗೆ ಬಂದ ಅವರ ತಾತ ಆಮೇಲೆ ಕಾಗದ ಬರೆಯುವುದನ್ನೇ ನಿಲ್ಲಿಸಿದನಂತೆ. ಕೊನೆಯ ಕಾಗದದಲ್ಲಿ ಈ ಊರಿನ ಹೆಸರಿತ್ತು.

ಪಟೇಲರು ಒಂದು ಮನೆ ತೋರಿಸಿದರು. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಮುದುಕಿ ತಲೆಯೆತ್ತಿದಾಗ ನಾನು ಬೆಚ್ಚಿದೆ. ಜೊತೆಗಿದ್ದ ಹೆಂಗಸಿನವೇ ಬೂದುಬಣ್ಣದ ಕಣ್ಣುಗಳು. ಹಿಂದೆ ಇಲ್ಲಿಗೆ ಬಂದ ಅಮೆರಿಕದ ಬಡಗಿಯ ವಿಷಯ ಕೇಳಿದೆ.

"ಬಡಗಿ ದೊರೆನಾ? ನಮ್ಮಪ್ಪ ಕಣ್ ಸಾ. ನಮ್ಮವ್ವುನ್ನ ಮದ್ವೆ ಆಗಿ ಇಲ್ಲೇ ಉಳ್ಕೊಂಡ್ರು, ಇಲ್ಲೇ ತೀರ್ಕೊಂಡ್ರು."

ಇದನ್ನು ಅಮೆರಿಕದ ಹೆಂಗಸಿಗೆ ಹೇಗೆ ಹೇಳುವುದೆಂದು ತಡವರಿಸಿದೆ. ಕೊನೆಗೆ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ.

"ನಮ್ಮಜ್ಜಿ ಸಾಯುವವರೆಗೂ ಅವನ ದಾರಿ ಕಾದಳು," ಎಂದರು ಅವರು.

ನಾನು ಅದನ್ನು ಕನ್ನಡದಲ್ಲಿ ಹೇಳಿ, ಇವರು ಆ ಬಡಗಿಯ ಮಗನ ಮಗಳು ಎಂದಾಗ ಮುದುಕಿಯ ಕೈ ನಿಂತಿತು.

"ನಮಗೆ ಗೊತ್ತಿರ್ನಿಲ್ಲ ಕಣವ್ವ. ಅಪ್ಪ ಯೋಳ್ಲೇ ಇಲ್ಲ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಮೊರವನ್ನು ಸರಿಸಿ ಪಕ್ಕದಲ್ಲಿ ಜಾಗ ಮಾಡಿದಳು.

"ಬಾ, ಕೂತ್ಕೊ. ನಾನು ನಿಂಗೆ ಸೋದರತ್ತೆ ಆಗ್ಬೇಕು."