ತಡವಾದ ರೈಲು, ಗಟ್ಟಿಯಾದ ಬಿಲ್ಲೆ

ಒಂದೇ ಮಿಶ್ರಲೋಹ, ಒಂದೇ ಕುಲುಮೆ, ಮೂರು ಸಲದ ಅಳತೆಗೆ ಮೂರು ಉತ್ತರ. ನನ್ನ ಪಿಎಚ್‌ಡಿ ಗೈಡ್ ವಾರದ ಮೀಟಿಂಗಿನಲ್ಲಿ ಎಲ್ಲರೆದುರು, "ಈ ಅಂಕಿಗಳನ್ನು ಅಳೆದು ಬರೆಯುತ್ತೀಯೋ, ಕೂತಲ್ಲೇ ಬರೆಯುತ್ತೀಯೋ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇಬ್ಬರು ಜೂನಿಯರುಗಳು ತಲೆ ತಗ್ಗಿಸಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಕಾಸರಗೋಡಿನಿಂದ ಕೊಚ್ಚಿಗೆ ಬಂದು ಎರಡು ವರ್ಷ ಕುಲುಮೆಯ ಮುಂದೆ ಬೆವರಿದ್ದು ಸುಳ್ಳಿ ಅನ್ನಿಸಿಕೊಳ್ಳಲಿಕ್ಕಲ್ಲ. ಇನ್ನೊಂದೇ ಸಲ ನೋಡು, ಆಗದಿದ್ದರೆ ಸಂಶೋಧನೆಯ ವಿಷಯ ಬದಲಿಸು ಎಂದರು ಸರ್.

ಕುಲುಮೆ ಇದ್ದುದು ಕೊಚ್ಚಿಯ ಕಾಕ್ಕನಾಡಿನ ಬಳಿ. ಗಟ್ಟಿತನ ಅಳೆಯುವ ನಮ್ಮ ಯಂತ್ರ ಕೆಟ್ಟು ಕೂತಿತ್ತು. ಹಾಗಾಗಿ ತಾಮ್ರ ಬೆರೆಸಿದ ಅಲ್ಯೂಮಿನಿಯಂ ಬಿಲ್ಲೆಗಳನ್ನು ಕಾಯಿಸಿ, ತಣ್ಣೀರಿಗೆ ಹಾಕಿ, ಒರೆಸಿ, ಚೀಲದಲ್ಲಿಟ್ಟುಕೊಂಡು ತಿರುವನಂತಪುರದ ರೈಲು ಹತ್ತುತ್ತಿದ್ದೆ. ಆ ಊರಿನ ಪಟ್ಟಂನ ಒಂದು ಲ್ಯಾಬಿನಲ್ಲಿ ಅಳತೆ. ಅಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದವರು ಧಾರವಾಡದವರು. ಮೇಡಂ ಎಂದರೆ ಓಗೊಡುತ್ತಿರಲಿಲ್ಲ, ಅಕ್ಕ ಎನ್ನಬೇಕಿತ್ತು.

ಮೀಟಿಂಗ್ ಮುಗಿದದ್ದೇ ಅವರಿಗೆ ಫೋನ್ ಮಾಡಿ ಜಗಳಕ್ಕೆ ನಿಂತೆ. "ನಿಮ್ಮ ಯಂತ್ರವೇ ಸರಿ ಇಲ್ಲ ಅಕ್ಕ."

"ಯಂತ್ರ ಛಲೋ ಐತಿ. ನೀರಿಗೆ ಹಾಕಿದ ಮ್ಯಾಲೆ ನನ್ನ ಕೈಗೆ ಕೊಡೂತನಕ ಎಷ್ಟ್ ತಾಸ್ ಆಗ್ತೈತಿ, ಅದನ್ನ ಹೇಳು."

"ರೈಲು ಬಂದ ಹಾಗೆ. ಒಮ್ಮೆ ಆರು ಗಂಟೆ, ಒಮ್ಮೆ ಹತ್ತು."

"ಮತ್ತ? ತಪ್ಪು ಎಲ್ಲೈತಿ, ನೀನೇ ನೋಡ್ಕೋ ತಂಗಿ."

ಲೋಹದೊಳಗೆ ಪರಮಾಣುಗಳು ಸಾಲಾಗಿ ಕೂತಿರುತ್ತವೆ. ಚೆನ್ನಾಗಿ ಕಾಯಿಸಿದಾಗ ನಡುನಡುವೆ ಜಾಗಗಳು ಖಾಲಿಯಾಗುತ್ತವೆ. ತಟ್ಟನೆ ತಣಿಸಿದರೆ ಆ ಖಾಲಿ ಜಾಗಗಳು ಹಾಗೇ ಒಳಗೆ ಸಿಕ್ಕಿಬೀಳುತ್ತವೆ. ತುಂಬಿದ ಬಸ್ಸಿನಲ್ಲಿ ಒಂದು ಸೀಟು ಖಾಲಿಯಾದರೆ ಒಬ್ಬೊಬ್ಬರೇ ಸರಿದು ತಮ್ಮವರ ಪಕ್ಕ ಸೇರಿಕೊಳ್ಳುತ್ತಾರಲ್ಲ, ತಾಮ್ರದ ಪರಮಾಣುಗಳೂ ಹಾಗೆ ಸರಿದು ಗುಂಪುಗೂಡುತ್ತವೆ. ಗುಂಪು ಬೆಳೆದಂತೆ ಲೋಹ ಗಟ್ಟಿಯಾಗುತ್ತದೆ. ಇದನ್ನೆಲ್ಲ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ನನ್ನ ಚೀಲದೊಳಗೂ ಇದೇ ನಡೆಯುತ್ತಿದೆ ಎಂದು ಮಾತ್ರ ಹೊಳೆದಿರಲಿಲ್ಲ. ಎಂಥ ದಡ್ಡಿ ನಾನು.

ಅಮ್ಮನಿಗೆ ಕಳಿಸಿದ್ದ 'ರೈಲು ಲೇಟು' ಮೆಸೇಜುಗಳನ್ನು ಹುಡುಕಿ, ಆ ಸಮಯಗಳನ್ನು ಅಳತೆಗಳ ಪಕ್ಕ ಬರೆದೆ. ರೈಲು ತಡವಾದಷ್ಟೂ ಬಿಲ್ಲೆ ಗಟ್ಟಿ. ಆದರೆ ಸರ್ ಮುಂದೆ ರೈಲನ್ನು ದೂರಿದರೆ ಕುಣಿಯಲಾರದವಳು ನೆಲ ಡೊಂಕು ಅಂದಂತಾಗುತ್ತಿತ್ತು. ಮಾಡಿಯೇ ತೋರಿಸುತ್ತೇನೆಂದು ಹಟ ಹಿಡಿದೆ.

ನಾಲ್ಕನೆಯ ಸಲ ಮೀನಂಗಡಿಯಿಂದ ಥರ್ಮೋಕೋಲ್ ಪೆಟ್ಟಿಗೆ ತಂದೆ. ಪುಡಿ ಐಸಿಗೆ ಉಪ್ಪು ಬೆರೆಸಿ ತುಂಬಿ, ಅರ್ಧ ಬಿಲ್ಲೆಗಳನ್ನು ಅದರಲ್ಲಿ ಹುಗಿದೆ. ಅಷ್ಟು ಚಳಿಯಲ್ಲಿ ಪರಮಾಣುಗಳು ಸರಿಯುವುದು ಬಲು ನಿಧಾನ. ಉಳಿದರ್ಧ ಎಂದಿನಂತೆ ಚೀಲದಲ್ಲಿ. ರೈಲಿನಲ್ಲಿ ಎದುರು ಕೂತ ಮಲಯಾಳಿ ಚೇಚಿ ಪೆಟ್ಟಿಗೆ ನೋಡಿ, "ಏದಾ ಮೀನ್?" ಎಂದು ಯಾವ ಮೀನೆಂದು ಕೇಳಿದರು. ಅಲ್ಯೂಮಿನಿಯಂ ಎಂದೆ. ಆಕೆ ತಮ್ಮ ಚೀಲವನ್ನು ಮಡಿಲಿಗೆಳೆದುಕೊಂಡು ಆಚೆ ಸರಿದು ಕೂತರು.

ಆ ದಿನವೂ ರೈಲು ತಡವಾಯಿತು. ಅಕ್ಕ ಎರಡನ್ನೂ ಅಳೆದರು. ಚೀಲದವು ಗಟ್ಟಿ, ಐಸಿನವು ಮೆತ್ತಗೆ. ಐಸಿನವನ್ನು ಮೇಜಿನ ಮೇಲಿಟ್ಟು ಗಂಟೆಗೊಮ್ಮೆ ಅಳೆಯುತ್ತಾ ಹೋದೆವು. ಅಂಕಿ ಮೆಲ್ಲಗೆ ಏರಿತು. "ನೋಡವಾ, ನಮ್ಮ ಕಣ್ಮುಂದನ ಗಟ್ಟಿ ಆಗಾಕತ್ತೈತಿ," ಎಂದರು ಅಕ್ಕ.

ಫೋನಿನಲ್ಲಿ ಎಲ್ಲ ಕೇಳಿಸಿಕೊಂಡ ಸರ್, "ಒಳ್ಳೆಯದು, ಪ್ರಬಂಧ ಬರೆಯಲು ಶುರುಮಾಡು" ಎಂದರು.

"ಮೊದಲು ಇದನ್ನು ಮೀಟಿಂಗಿನಲ್ಲಿ ಹೇಳಬೇಕು ಸರ್. ನೀವು ಕೇಳಿದ್ದೂ ಮೀಟಿಂಗಿನಲ್ಲೇ." ಎಂದೆ. ಅವರು ಥಟ್ಟನೆ ಫೋನಿಟ್ಟರು.

ಸೋಮವಾರ ಮೀಟಿಂಗಿಗೆ ಜಗಳದ ಮಾತುಗಳನ್ನು ಸಿದ್ಧ ಮಾಡಿಕೊಂಡೇ ಹೋಗಿದ್ದೆ. ಸರ್ ತಾವೇ ಎದ್ದು, ನನ್ನ ಮೂರು ರೈಲುಗಳ ಸಮಯ, ಅವುಗಳ ಪಕ್ಕ ಮೂರು ಅಳತೆಗಳನ್ನು ಬೋರ್ಡಿನ ಮೇಲೆ ಬರೆದರು. ಆ ಇಬ್ಬರು ಜೂನಿಯರುಗಳ ಕಡೆ ತಿರುಗಿ, "ಇವಳು ಅಳೆದದ್ದು ಮೂರೂ ಸರಿ. ನಾನು ಕೇಳಿದ ಪ್ರಶ್ನೆ ತಪ್ಪು" ಎಂದರು. ನಾನು ಎಲ್ಲರೆದುರೇ ಅತ್ತುಬಿಟ್ಟೆ.